ಮುಕ್ಕಾಲು ಇಂಚಿನ ಸೊಟ್ಟ

"ನಿಲ್ಲಿಸೋ! ಸಾಕು, ನಿಲ್ಲಿಸೋ!" ಎಂದು ತಕ್ಕಡಿಯವರು ಕೂಗಿಕೊಳ್ಳುವ ಹೊತ್ತಿಗೆ ಅವರ ಭಾಮೈದ ಜಾಕಿನ ಹಿಡಿಯನ್ನು ಇನ್ನೊಂದು ಸಲ ಒತ್ತಿಯಾಗಿತ್ತು. ಎರಡು ಕಬ್ಬಿಣದ ಕಂಬಗಳ ನಡುವೆ ಸಿಕ್ಕಿಸಿಟ್ಟಿದ್ದ ಬೈಕಿನ ಚಾಸಿ ಟಣ್ ಎಂದಿತು. ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದು ಹಾರಿದವು. ಕಾದು ಕೆಂಪಗಾಗಿದ್ದ ಕೊಳವೆ ಮೆಲ್ಲಗೆ ಬಣ್ಣ ಕಳೆದುಕೊಂಡು ಕಪ್ಪಾಯಿತು. ಇಬ್ಬರೂ ಬಗ್ಗಿ ನೋಡಿದರು. ಇಪ್ಪತ್ತೆರಡು ವರ್ಷ ಎಡಕ್ಕೆ ವಾಲಿಕೊಂಡಿದ್ದ ಚಾಸಿ ಈಗ ಬಲಕ್ಕೆ ವಾಲಿಕೊಂಡಿತ್ತು.

"ಇದು ಹೀಗೇ ಆಗ್ಬೇಕು ಭಾವ," ಎಂದ ಭಾಮೈದ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಕಬ್ಬಿಣಾನ ಸ್ವಲ್ಪ ಜಾಸ್ತೀನೇ ಬಗ್ಗಿಸ್ಬೇಕು. ಆಮೇಲೆ ತಾನಾಗೇ ವಾಪಸ್ ಬರುತ್ತೆ."

"ಯಾವಾಗ ಬರುತ್ತೆ?"

"ಬರುತ್ತೆ ಅಂದ್ನಲ್ಲ. ಒಂಚೂರು ತಾಳ್ಮೆ ಇರ್ಲಿ."

ಇಬ್ಬರೂ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು ಕೂತು ಇಪ್ಪತ್ತು ನಿಮಿಷ ಕಾದರು. ಅದು ಬರಲಿಲ್ಲ. ಭಾಮೈದ ಹುಟ್ಟಿದಾಗಿನಿಂದ ಗೇಟು ಮಾಡಿದವನೇ ಹೊರತು ಚಾಸಿ ಮುಟ್ಟಿದವನಲ್ಲ. ಗೇಟಾದರೆ ಸ್ವಲ್ಪ ಸೊಟ್ಟಗಿದ್ದರೂ ಗೋಡೆಯದೇ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಇಲ್ಲಿ ಗೋಡೆಯೇ ಇರಲಿಲ್ಲ. ಕೊನೆಗೆ ಚಾಸಿಯನ್ನು ತಿರುಗಿಸಿ ಹಾಕಿ, ಮತ್ತೆ ಕಾಯಿಸಿ, ಮತ್ತೆ ಜಾಕು ಕೊಟ್ಟು, ಸಂಜೆ ಐದರ ಹೊತ್ತಿಗೆ ದಾರ ಹಿಡಿದು ನೋಡಿದಾಗ ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಕ್ಕಡಿಯವರ ಕಣ್ಣಲ್ಲಿ ನೀರೇ ಬಂತು. ಭಾಮೈದನ ಬೆನ್ನು ತಟ್ಟಿ, "ನಿನ್ನ ಬಗ್ಗೆ ಇಷ್ಟು ವರ್ಷ ಏನೇನೋ ಅಂದಿದೀನಿ ಕಣೋ, ಎಲ್ಲಾ ವಾಪಸ್ ತಗೊಂಡೆ," ಎಂದರು.

ಅವರನ್ನು ತಕ್ಕಡಿಯವರು ಎಂದು ಊರೆಲ್ಲ ಕರೆಯುತ್ತಿದ್ದುದು ಅವರ ಕಸುಬಿನಿಂದ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು, ತೂಕದ ಬಟ್ಟು ಸವೆದಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಕೆಲಸ ಅಂಗಡಿಯಲ್ಲೇ ಬಿಟ್ಟು ಬರುವ ಜಾಯಮಾನ ಅವರದಲ್ಲ. ಮನೆಗೆ ಸಕ್ಕರೆ ಪೊಟ್ಟಣ ತಂದರೆ ಮೊದಲು ತೂಗುತ್ತಿದ್ದರು. ಐದು ಗ್ರಾಂ ಕಡಿಮೆಯಿದ್ದರೆ ವಾಪಸ್ ಹೋಗಿ ಜಗಳ ಮಾಡುತ್ತಿದ್ದರು. ಐದು ಗ್ರಾಂ ಹೆಚ್ಚಿದ್ದರೆ ವಾಪಸ್ ಹೋಗಿ ಕೊಟ್ಟು ಬರುತ್ತಿದ್ದರು. ಅಂಗಡಿಯವರು ಹೆಚ್ಚು ಹೆದರುತ್ತಿದ್ದುದು ಎರಡನೆಯದಕ್ಕೇ, ಏಕೆಂದರೆ ಆಗ ಇಡೀ ಮೂಟೆಯನ್ನೇ ಮತ್ತೊಮ್ಮೆ ತೂಗಿಸಿ ಹೋಗುತ್ತಿದ್ದರು.

ಇಂಥವರ ಬೈಕು ಸೊಟ್ಟಗಿತ್ತೆಂಬುದೇ ಒಂದು ತಮಾಷೆ. ಇಪ್ಪತ್ತೆರಡು ವರ್ಷದ ಹಿಂದೆ ಗುಜರಿಯಲ್ಲಿ ಚಕ್ರವಿಲ್ಲದೆ, ಟ್ಯಾಂಕಿಲ್ಲದೆ ಬಿದ್ದಿದ್ದ ಅದನ್ನು ತಂದು ಹಿತ್ತಲಲ್ಲಿ ಒಂದೊಂದೇ ಭಾಗ ಹುಡುಕಿ ಕೂಡಿಸಿದ್ದರು. ಬೈಕಿಗೆ ಎಲುಬುಗೂಡಿನಂತಿರುವ ಚಾಸಿ ಬಂದಾಗಲೇ ಎಡಕ್ಕೆ ಮುಕ್ಕಾಲು ಇಂಚು ಬಾಗಿತ್ತು. ನಾಳೆ ಸರಿಮಾಡೋಣ, ನಾಡಿದ್ದು ಸರಿಮಾಡೋಣ ಎನ್ನುತ್ತ ಹಾಗೇ ಓಡಿಸಿಕೊಂಡಿದ್ದರು. ಓಡಿಸುವುದೆಂದರೆ ಜೋರಾಗಿ ಅಲ್ಲ. ಆ ಬಗೆಯ ಬೈಕು ಇರುವುದೇ ಬಂಡೆ, ಬೇರು, ಕೆಸರಿನ ದಾರಿಯಲ್ಲಿ, ನಡೆದು ಹೋಗುವವರಿಗಿಂತ ನಿಧಾನವಾಗಿ, ಫುಟ್‌ರೆಸ್ಟಿನ ಮೇಲೆ ನಿಂತುಕೊಂಡೇ ಹೋಗುವುದಕ್ಕೆ. ವರ್ಷಕ್ಕೊಮ್ಮೆ ಪೈಪೋಟಿ ನಡೆಯುತ್ತಿತ್ತು. ಕಾಲು ನೆಲಕ್ಕೆ ತಾಗಿದರೆ ಒಂದು ತಪ್ಪು, ಮತ್ತೆ ತಾಗಿದರೆ ಇನ್ನೊಂದು. ಎಲ್ಲೂ ತಾಗದಿದ್ದರೆ ಸೊನ್ನೆ, ಅದೇ ಎಲ್ಲಕ್ಕಿಂತ ದೊಡ್ಡ ಮರ್ಯಾದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವರ ಹೆಂಡತಿ, "ಸೊನ್ನೆ ತಗೊಳ್ಳೋಕೆ ಇಷ್ಟು ಒದ್ದಾಡೋ ಜನಾನ ನಾನು ಬೇರೆ ಎಲ್ಲೂ ಕಂಡಿಲ್ಲಪ್ಪ," ಎನ್ನುತ್ತಿದ್ದಳು.

ಆ ದಾರಿಯಲ್ಲಿ ಗೂನುಬಂಡೆ ಎಂದೊಂದು ಜಾಗವಿತ್ತು. ಬೆನ್ನು ಬಾಗಿಸಿ ಕೂತ ಮುದುಕನಂತಿದ್ದ ಕಲ್ಲು. ಏರಬೇಕು, ಮೇಲೆ ಒಂದು ಮರದ ಸುತ್ತ ತಿರುಗಬೇಕು, ಆ ಕಡೆ ಇಳಿಯಬೇಕು. ಹನ್ನೊಂದು ವರ್ಷ ತಕ್ಕಡಿಯವರು ಅಲ್ಲಿ ಕಾಲು ಊರದೆ ಇಳಿದದ್ದಿಲ್ಲ. ಹೋದ ವರ್ಷವಂತೂ ಕಾಲಲ್ಲ, ಮೈಯೇ ಊರಿತು. ಕೊರಳಿನ ಪಕ್ಕದ ಮೂಳೆ ಮುರಿಯಿತು. ಆರು ವಾರ ಹೆಂಡತಿಯೇ ಅವರ ಅಂಗಿಯ ಗುಂಡಿ ಹಾಕಬೇಕಾಯಿತು. ಒಂದು ದಿನ ಗುಂಡಿ ಹಾಕುತ್ತ ಹಾಕುತ್ತ ಅವಳಿಗೆ ಅಳು ಬಂತು. ಅಳುವಾಗ ಅವಳಿಗೆ ಸಿಟ್ಟೂ ಬರುತ್ತಿತ್ತು.

"ಬಟ್ಟೆ ಹರಿದ್ರೆ ಹೊಲಿದುಕೊಡ್ತೀನಿ. ನಿಮ್ಮ ಮೂಳೆ ಹೊಲಿಯೋಕೆ ನನಗೆ ಬರಲ್ಲ," ಎಂದಳು. "ಆ ಗಾಡಿ ಮಾರಿಬಿಡಿ."

ಕೊಳ್ಳುವವನೂ ತಯಾರಾಗಿದ್ದ. ಮುಖ್ಯ ರಸ್ತೆಯ ಹೋಟೆಲಿನವನು ಗೋಡೆಗೆ ಹಳೇ ಸಾಮಾನು ನೇತುಹಾಕುವ ಶೋಕಿಯವನು. ಹಳೇ ಸೈಕಲ್ಲು, ಹಳೇ ಟೈಪ್‌ರೈಟರು ಎಲ್ಲ ಆಗಲೇ ಮೊಳೆಗೆ ತೂಗುತ್ತಿದ್ದವು. ಇನ್ನು ಬೈಕೊಂದು ಬಾಕಿ. ಎಂಜಿನ್ನಿಗೆ ಬಣ್ಣ ಬಳಿದು, ಟ್ಯಾಂಕಿಗೆ ದೀಪ ಹಾಕಿ ಗಿರಾಕಿಗಳ ತಲೆಯ ಮೇಲೆ ತೂಗುಹಾಕುತ್ತೇನೆ ಎಂದು ಅವನು ಹೇಳಿದ್ದನ್ನು ಕೇಳಿ ತಕ್ಕಡಿಯವರಿಗೆ ಎರಡು ದಿನ ಊಟ ಸೇರಿರಲಿಲ್ಲ. ಆದರೂ ಗಂಡಸಿನ ಜಂಬ ನೋಡಿ, ಬ್ಯಾಂಡೇಜಿನಲ್ಲಿ ಕೂತುಕೊಂಡೇ, "ಮುಂದಿನ ಸಲ ಗೂನುಬಂಡೆ ಮೇಲೆ ಒಂದೇ ಒಂದು ಸಲ ಕಾಲು ಊರಿದ್ರೂ ಗಾಡಿ ಅವನ ಗೋಡೆಗೆ. ಊರದೆ ಇಳಿದ್ರೆ ನೀನು ಮತ್ತೆ ಈ ಮಾತು ಎತ್ತಬಾರದು," ಎಂದುಬಿಟ್ಟರು. ಹೆಂಡತಿ ಗುಂಡಿ ಹಾಕಿ ಮುಗಿಸಿ, "ಆಗಲಿ," ಎಂದಳು. ಹನ್ನೊಂದು ವರ್ಷದ ದಾಖಲೆ ಅವಳಿಗೂ ಗೊತ್ತಿತ್ತು.

ಈ ವರ್ಷ ಅದರ ಮೇಲೆ ಹೊಸ ನಿಯಮವೊಂದು ಬಂತು. ಹಳೇ ಬೈಕುಗಳ ಚಾಸಿಯನ್ನು ದಾರ ಹಿಡಿದು ಪರೀಕ್ಷಿಸುತ್ತಾರೆ, ಹಿಂದಿನ ಚಕ್ರ ಮುಂದಿನ ಚಕ್ರ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಭಾಮೈದ ಅದೂ ಒಳ್ಳೆಯದೇ ಎಂದ. "ಗಾಡಿ ಸೊಟ್ಟ ಇರೋದಕ್ಕೇ ಭಾವ ನೀವು ಬೀಳ್ತಿರೋದು. ನೇರ ಮಾಡ್ಕೊಡ್ತೀನಿ, ಗೂನುಬಂಡೆ ಮೇಲೆ ಕಾಫಿ ಲೋಟ ಹಿಡ್ಕೊಂಡು ಹೋಗಿ ನೋಡಿ." ಹಾಗೆ ಶುರುವಾದದ್ದು ಈ ಜಾಕಿನ ಕತೆ.

ಮರುದಿನ ಬೆಳಿಗ್ಗೆ ಎಂಜಿನ್ನು ಕೂಡಿಸಿ, ಚಕ್ರ ಹಾಕಿ, ಹಿತ್ತಲಿನಲ್ಲಿ ನಾಲ್ಕು ಇಟ್ಟಿಗೆ, ಹಲಗೆ, ಒಂದು ಹಳೇ ಟೈರು ಸಾಲಾಗಿ ಇಟ್ಟುಕೊಂಡು ತಕ್ಕಡಿಯವರು ನೇರವಾದ ಬೈಕಿನ ಮೇಲೆ ಮೊದಲ ಸಲ ನಿಂತರು. ಮೊದಲ ಇಟ್ಟಿಗೆ ದಾಟಿದರು. ಎರಡನೆಯ ಇಟ್ಟಿಗೆಯ ಹತ್ತಿರ ಎಡಕ್ಕೆ ಬಿದ್ದರು. ಎದ್ದು, ಬಟ್ಟೆ ಕೊಡವಿಕೊಂಡು, ಮತ್ತೆ ಹತ್ತಿದರು. ಮತ್ತೆ ಎಡಕ್ಕೆ. ಮೂರನೆಯ ಸಲ ಒಣಗಲು ಹಾಕಿದ್ದ ಬಟ್ಟೆಗಳ ಹಗ್ಗ ಹಿಡಿದುಕೊಂಡು ಬಿದ್ದರು, ಗಿರಾಕಿಯೊಬ್ಬರ ಹೊಸ ಪ್ಯಾಂಟು ಅವರ ತಲೆಯ ಮೇಲೆ ಬಂತು. ನಾಲ್ಕನೆಯ ಸಲದ ಹೊತ್ತಿಗೆ ಪಕ್ಕದ ಮನೆಯವರು ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

"ನೆಲ ಸಮ ಇಲ್ಲ," ಎಂದರು ತಕ್ಕಡಿಯವರು. ಗಾಜಿನ ನಳಿಗೆಯೊಳಗೆ ನೀರಿನ ಗುಳ್ಳೆ ಇರುವ ಮಟ್ಟಪಟ್ಟಿ ತಂದು ಇಟ್ಟು ನೋಡಿದರು. ನೆಲ ಸಮ ಇತ್ತು. ಹಾಗಾದರೆ ಗಾಡಿಯೇ ಎಡಗಡೆ ಭಾರವಿರಬೇಕೆಂದು ಅಂಗಡಿಯಿಂದ ಎರಡು ದೊಡ್ಡ ತೂಕದ ಯಂತ್ರ ತಂದು, ಬೈಕನ್ನು ಅಡ್ಡ ಹಲಗೆಯ ಮೇಲೆ ನಿಲ್ಲಿಸಿ, ಎಡ ಎಷ್ಟು ಬಲ ಎಷ್ಟು ಎಂದು ತೂಗಿದರು. ಎರಡೂ ಕಡೆ ಒಂದೇ ತೂಕ, ಗ್ರಾಂ ಲೆಕ್ಕದಲ್ಲಿ. ಭಾಮೈದ ಒಮ್ಮೆ ಓಡಿಸಿ ನೋಡಿದ. ಜೀವಮಾನದಲ್ಲಿ ಇಂಥ ಬೈಕು ಹತ್ತದ ಭಾಮೈದ ನಾಲ್ಕೂ ಇಟ್ಟಿಗೆ ದಾಟಿ ಟೈರಿನ ತನಕ ಹೋದ. ತಕ್ಕಡಿಯವರು ಅವನ ಕೈಯಿಂದ ಬೈಕು ಕಿತ್ತುಕೊಂಡರು.

ಅವರು ಏಳನೆಯ ಸಲ ಬಿದ್ದು, ನೆಲದಲ್ಲೇ ಕೂತು, ತಲೆಯ ಮೇಲೆ ಕೈ ಹೊತ್ತುಕೊಂಡರು. ಪೈಪೋಟಿಗೆ ಇನ್ನು ಐದೇ ದಿನ. "ನೆಲ ನೇರ ಇದೆ. ಗಾಡಿ ನೇರ ಇದೆ. ತೂಕ ಸರಿ ಇದೆ. ಹಾಗಾದ್ರೆ ಇಲ್ಲಿ ಸೊಟ್ಟ ಇರೋದು ಯಾವುದು?" ಎಂದು ಆಕಾಶ ನೋಡಿ ಕೇಳಿದರು.

"ನೀವು," ಎಂದಳು ಹೆಂಡತಿ.

ಅವಳು ಹೊಲಿಗೆ ಕೋಣೆಯ ಕಿಟಕಿಯಲ್ಲಿ ನಿಂತಿದ್ದಳು. ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದೇ ತೆಗೆದು ತೋಳಿಗೆ ಕಟ್ಟಿಕೊಂಡಿದ್ದ ದಿಂಬಿಗೆ ಚುಚ್ಚಿದಳು. ಎಲ್ಲ ತೆಗೆದಾದ ಮೇಲೆ, "ನಿಮ್ಮ ಎಡಭುಜ ಬಲಭುಜಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ. ಎಡಗಾಲು ಅರ್ಧ ಇಂಚು ಗಿಡ್ಡ," ಎಂದಳು.

"ಏನ್ ಮಾತಾಡ್ತಿದೀಯ? ನಂದಾ?"

"ಮತ್ತೆ ಯಾರದು? ಪಕ್ಕದ ಮನೆಯವರದಾ?"

ಕುರ್ಚಿಯಲ್ಲಿ ಕೂತಿದ್ದ ಪಕ್ಕದ ಮನೆಯವರು ಸಂಕೋಚದಿಂದ ತಮ್ಮ ಭುಜ ನೋಡಿಕೊಂಡರು.

ಅವಳು ಅಳತೆ ಪುಸ್ತಕ ತಂದು ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿದಳು. ಮೊದಲನೆಯ ಪುಟ, ಮದುವೆಯಾದ ವರ್ಷದ್ದು. ಕುತ್ತಿಗೆ, ಎದೆ, ತೋಳು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಡಭುಜ ಮುಕ್ಕಾಲು ಇಳಿಸುವುದು, ಎಡಗಾಲು ಅರ್ಧ ಮಡಚುವುದು ಎಂದು ಬರೆದಿತ್ತು. ಮುಂದಿನ ವರ್ಷವೂ ಅದೇ. ಮೂವತ್ತೊಂದು ವರ್ಷದ ಮೂವತ್ತೊಂದು ಪುಟ ತಿರುವಿದರು. ಹೊಟ್ಟೆಯ ಅಳತೆ ಮಾತ್ರ ಬದಲಾಗುತ್ತ ಹೋಗಿತ್ತು. ತಕ್ಕಡಿಯವರ ಮುಖ ಸಪ್ಪಗಾಯಿತು. ಊರಿನ ಎಲ್ಲ ಅಂಗಡಿಯವರ ಎದುರು ಮುಳ್ಳು ನಡುವೆ ನಿಲ್ಲಬೇಕು, ಒಂಚೂರೂ ಈ ಕಡೆ ಆ ಕಡೆ ಹೋಗಬಾರದು ಎಂದು ಬೈದುಕೊಂಡು ತಿರುಗಿದ ತಾನು ಇಷ್ಟು ವರ್ಷ ಒಂದು ಕಡೆ ವಾಲಿಕೊಂಡೇ ಬೈಯುತ್ತಿದ್ದೆನೇ ಎಂದು ಅವರಿಗೆ ವಿಪರೀತ ನಾಚಿಕೆಯಾಯಿತು.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀವು ನೇರ ನಿಂತ್ಕೊಳ್ಳೋಕೆ ಹೋಗ್ತಿದ್ರಿ. ಆಗ ನಾನು ಹೊಲಿದ ಬಟ್ಟೆ ಎಲ್ಲಾ ಹಾಳಾಗೋದು," ಎಂದಳು ಅವಳು. ಆಮೇಲೆ ಬೈಕಿನ ಕಡೆ ನೋಡಿ, "ಆ ಸೊಟ್ಟ ಗಾಡಿ ನಿಮಗೆ ಅಳತೆ ತಗೊಂಡು ಹೊಲಿದ ಹಾಗಿತ್ತು. ಈಗ ಇಬ್ಬರೂ ಸೇರಿ ಅದನ್ನ ರೆಡಿಮೇಡ್ ಮಾಡಿಟ್ಟಿದೀರ," ಎಂದಳು.

ಭಾಮೈದ ಒಂದು ಸಲ ಭಾವನನ್ನು, ಒಂದು ಸಲ ಚಾಸಿಯನ್ನು ನೋಡಿದ. "ಹಾಗಾದ್ರೆ ವಾಪಸ್ ಸೊಟ್ಟ ಮಾಡ್ಲಾ? ಜಾಕು ಇನ್ನೂ ಅಲ್ಲೇ ಇದೆ."

"ದಾರ ಹಿಡಿಯೋರು ಒಳಗೆ ಬಿಡ್ತಾರೇನೋ, ಬುದ್ಧಿವಂತ!" ಎಂದು ತಕ್ಕಡಿಯವರು ರೇಗಿದರು. ರೇಗಿದರೇ ಹೊರತು ಅವರ ದನಿಯಲ್ಲಿ ಕಸುವಿರಲಿಲ್ಲ. ಬೈಕನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಮಲಗಿಬಿಟ್ಟರು. ಹಗಲಲ್ಲಿ ಮಲಗಿದವರೇ ಅಲ್ಲ ಅವರು. ಮಲಗಿದರೂ ನಿದ್ದೆ ಬರಲಿಲ್ಲ, ಕಣ್ಣು ಮುಚ್ಚಿದರೆ ಹೋಟೆಲಿನ ಗೋಡೆ, ಟ್ಯಾಂಕಿನಲ್ಲಿ ಉರಿಯುವ ದೀಪ.

ಅವಳು ಕೈಯಲ್ಲಿದ್ದ ರವಿಕೆಯ ತೋಳು ಕೂಡಿಸುತ್ತ ಕಿಟಕಿಯಿಂದ ಬೈಕನ್ನು ನೋಡಿದಳು. ಎರಡು ತೋಳು ಮುಗಿಯುವಷ್ಟರಲ್ಲಿ ಮೂರು ಸಲ ನೋಡಿದಳು. ಗಾಡಿ ಹೋದರೆ ಅವಳಿಗೆ ನಿಜಕ್ಕೂ ಸಂತೋಷವಿತ್ತು. ಆದರೆ ಫಿಟಿಂಗ್ ಸರಿಯಿಲ್ಲದ್ದು ಕಣ್ಣೆದುರಿಗಿದ್ದರೆ ಅವಳಿಗೆ ಉಗುರುಕಣ್ಣಿನಲ್ಲಿ ಸಿಬಿರು ಸಿಕ್ಕಿಕೊಂಡಷ್ಟು ಕಿರಿಕಿರಿ. ರಸ್ತೆಯಲ್ಲಿ ಹೋಗುವ ಅಪರಿಚಿತರನ್ನು ನಿಲ್ಲಿಸಿ ಕಾಲರು ಸರಿಮಾಡಿ ಕಳಿಸಿದ ಹೆಂಗಸು. ಮಷೀನು ನಿಲ್ಲಿಸಿ ಎದ್ದಳು.

"ಏಳಿ," ಎಂದಳು ಗಂಡನ ತಲೆದಿಂಬಿನ ಹತ್ತಿರ ಹೋಗಿ. "ಗಾಡಿ ಮೇಲೆ ನಿಂತ್ಕೊಳ್ಳಿ. ಅಳತೆ ತಗೋಬೇಕು."

ಭಾಮೈದ ಮುಂದಿನ ಚಕ್ರ ಹಿಡಿದುಕೊಂಡ, ಪಕ್ಕದ ಮನೆಯವರು ಹೇಗೂ ಬಂದೇ ಇದ್ದರಲ್ಲ, ಹಿಂದಿನದನ್ನು ಹಿಡಿದುಕೊಂಡರು. ತಕ್ಕಡಿಯವರು ಫುಟ್‌ರೆಸ್ಟಿನ ಮೇಲೆ ನಿಂತರು. ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೇಪು ಹಿಡಿದು ಹಿಮ್ಮಡಿಯಿಂದ ಸೊಂಟ, ಸೊಂಟದಿಂದ ಭುಜ, ಭುಜದಿಂದ ಹ್ಯಾಂಡಲ್ಲು ಅಳೆದಳು. "ಉಸಿರು ಹಿಡಿಬೇಡಿ. ದಿನಾ ನಿಂತ್ಕೊಳ್ಳೋ ಹಾಗೆ ನಿಂತ್ಕೊಳ್ಳಿ," ಎಂದಳು. ಅವರು ಉಸಿರು ಬಿಟ್ಟ ಕೂಡಲೇ ಎಡಭುಜ ತನ್ನ ಜಾಗಕ್ಕೆ ಇಳಿಯಿತು. ಸೀಮೆಸುಣ್ಣದಿಂದ ಹ್ಯಾಂಡಲ್ಲಿನ ಮೇಲೊಂದು ಗೆರೆ ಎಳೆದಳು, ಫುಟ್‌ರೆಸ್ಟಿನ ಮೇಲೊಂದು ಗುರುತು ಹಾಕಿದಳು.

"ಎಡಗಾಲಿಂದು ಅರ್ಧ ಇಂಚು ಮೇಲೆ ಎತ್ತು. ಹ್ಯಾಂಡಲ್ಲು ಎಡಗಡೆ ಮುಕ್ಕಾಲು ಇಳಿಸು. ಚಾಸಿ ಮುಟ್ಟಬೇಡ," ಎಂದು ತಮ್ಮನಿಗೆ ಹೇಳಿದಳು.

"ಅಲ್ಲಕ್ಕ, ಗಾಡಿ ಹೋಗ್ಲಿ ಅಂತ ಇದ್ದೋಳು ನೀನೇ ಅಲ್ವಾ?"

"ಹೋಗ್ಲಿ. ಆದ್ರೆ ಫಿಟಿಂಗ್ ಸರಿ ಇಲ್ಲ ಅಂತ ಹೋಗಬಾರದು. ಬಿದ್ರೆ ತಾವಾಗೇ ಬೀಳ್ಲಿ."

ಭಾಮೈದನಿಗೆ ಅಕ್ಕನ ಆಜ್ಞೆ ಎಂದರೆ ಚಿಕ್ಕಂದಿನಿಂದ ಹೆದರಿಕೆ. ಅವಳು ಪಕ್ಕದಲ್ಲೇ ನಿಂತು "ಇನ್ನೊಂದು ನೂಲು ಮೇಲೆ, ಇನ್ನೊಂದು ನೂಲು," ಎಂದು ಹೇಳುತ್ತಿದ್ದಾಗ ಮುಖಕ್ಕೆ ಗಾಜಿನ ಮುಸುಕು ಹಿಡಿಯುವುದನ್ನೇ ಮರೆತು ಬೆಸುಗೆ ಹಾಕಿದ. ಹೇಗೋ ಸರಿಹೋಯಿತು ಎಂದುಕೊಂಡು, ಅದಾದ ಮೇಲೆ ದಿನವೂ ಅವಳು ಹೇಳಿದ ಒಂದೊಂದು ತಿದ್ದುಪಡಿಗೆ ಹಾಗೆಯೇ ಬೆಸುಗೆ ಹಾಕುತ್ತ ಹೋದ. ಐದನೆಯ ದಿನ, ಪೈಪೋಟಿಯ ಬೆಳಿಗ್ಗೆ, ಬೆಸುಗೆಯ ಬೆಳಕು ಹೊಡೆದು ಅವನ ಎರಡು ಕಣ್ಣೂ ಟೊಮೆಟೊ ಹಣ್ಣಿನಂತೆ ಊದಿಕೊಂಡು, ಒದ್ದೆ ಬಟ್ಟೆ ಒತ್ತಿಕೊಂಡು, ಅಕ್ಕನ ತೋಳು ಹಿಡಿದುಕೊಂಡು ಜೀಪಿನಿಂದ ಇಳಿದ.

ಅಲ್ಲೇ ಎಡವಟ್ಟಾದದ್ದು. ಆ ಸಂಘದ ಪದ್ಧತಿ ಏನೆಂದರೆ ಪ್ರತಿ ಸವಾರ ತನ್ನ ಜೊತೆಗೊಬ್ಬ ಎಣಿಸುವವರನ್ನು ಕರೆದು ತರಬೇಕು. ದಾರಿಯ ಒಂದೊಂದು ಜಾಗದಲ್ಲಿ ಒಬ್ಬೊಬ್ಬರು ಬಾವುಟ ಹಿಡಿದು ನಿಂತು, ಯಾರ ಕಾಲು ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ ಚೀಟಿಯಲ್ಲಿ ಬರೆಯಬೇಕು. ಹನ್ನೊಂದು ವರ್ಷ ಭಾಮೈದ ಬರುತ್ತಿದ್ದ. ಈ ಸಲ ಅವನಿಗೆ ತನ್ನ ಕಾಲೇ ಕಾಣುತ್ತಿರಲಿಲ್ಲ.

"ಎಣಿಸೋರು ಇಲ್ಲ ಅಂದ್ರೆ ಸವಾರೀನೂ ಇಲ್ಲ," ಎಂದರು ಸಂಘದ ಕಾರ್ಯದರ್ಶಿ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರೂ ಅವರನ್ನು ಸೀಟಿ ಸಾಹೇಬರೆನ್ನುತ್ತಿದ್ದರು. ಹೆಂಡತಿಯತ್ತ ತಿರುಗಿ, "ನೀವು ನಿಂತ್ಕೋತೀರಾ ಅಮ್ಮಾ?" ಎಂದರು.

"ನನಗೆ ಈ ಆಟ ಗೊತ್ತಿಲ್ಲ."

"ಕಾಲು ನೆಲ ಮುಟ್ಟಿತಾ ಇಲ್ವಾ, ಅಷ್ಟೇ. ನೀವು ಬರೆದದ್ದೇ ಕೊನೆ. ಅದನ್ನ ನಾನೂ ಅಳಿಸೋ ಹಾಗಿಲ್ಲ." ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಗೂನುಬಂಡೆ. ಅವರ ಗಂಡನೂ ಅಲ್ಲೇ ಬರುತ್ತಾರಲ್ಲ ಎಂದು ಯಾರೋ ಗೊಣಗಿದರು. "ಸಂಬಂಧ ನೋಡ್ಕೊಂಡು ಕೂತ್ರೆ ಈ ಊರಲ್ಲಿ ಎಣಿಸೋಕೆ ಒಬ್ರೂ ಉಳಿಯಲ್ಲ," ಎಂದು ಸೀಟಿ ಸಾಹೇಬರು ಮಾತು ಮುಗಿಸಿದರು. ತಕ್ಕಡಿಯವರು ಹೆಂಡತಿಯ ಕೈಯಲ್ಲಿದ್ದ ಚೀಟಿಯನ್ನೇ ನೋಡಿದರು. ಅಂಗಿಯ ಹೊಲಿಗೆ ಒಂದು ನೂಲು ಆಚೆ ಹೋದರೆ ಬಿಚ್ಚಿ ಮತ್ತೆ ಹೊಲಿಯುವವಳ ಕಣ್ಣು. ತಪ್ಪಿಸಿಕೊಂಡು ಹೋಗುವ ಮಾತೇ ಇರಲಿಲ್ಲ.

ದಾರ ಹಿಡಿಯುವವನು ಬೈಕಿನ ಎರಡೂ ಕಡೆ ದಾರ ಎಳೆದು ತಲೆಯಾಡಿಸಿದ. "ಚಾಸಿ ನೇರ ಇದೆ. ಇದ್ಯಾಕೆ ಹ್ಯಾಂಡಲ್ಲು ಹೀಗೆ?"

"ಫಿಟಿಂಗ್," ಎಂದಳು ಅವಳು. ಆ ದನಿ ಕೇಳಿ ಅವನು ದಾರ ಸುತ್ತಿಕೊಂಡು ಮುಂದಿನ ಬೈಕಿನ ಕಡೆ ಹೋದ.

ಬೆಳಗಿನಿಂದ ಅವಳು ಗೂನುಬಂಡೆಯ ಪಕ್ಕದಲ್ಲಿ ಬಾವುಟ ಹಿಡಿದು ನಿಂತಳು. ಜನವೆಲ್ಲ ಏರುವ ಕಡೆಯೇ ಸೇರಿತ್ತು, ಬೀಳುವವರು ಹೆಚ್ಚಾಗಿ ಅಲ್ಲೇ ಬೀಳುತ್ತಿದ್ದರು. ಹೋಟೆಲಿನವನೂ ಅಲ್ಲೇ ಕುರ್ಚಿ ಹಾಕಿಸಿಕೊಂಡು, ತನ್ನ ಗೋಡೆಯ ಅಳತೆ ಬರೆದ ಕಾಗದ ಜೇಬಿನಲ್ಲಿಟ್ಟುಕೊಂಡು ಕೂತಿದ್ದ. ಮೇಲೆ ಹೋಗಿ ಆ ಕಡೆ ಇಳಿಯುವುದು ಎಣಿಸುವವರೊಬ್ಬರಿಗೇ ಕಾಣುತ್ತಿತ್ತು. ಅವಳು ಯಾರಿಗೂ ರಿಯಾಯಿತಿ ತೋರಿಸಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಕಾಲು ನೆಲಕ್ಕಲ್ಲ, ಹುಲ್ಲಿಗೆ ತಾಗಿದ್ದು ಎಂದು ವಾದಿಸಿದರು. "ಹುಲ್ಲು ಗಾಳೀಲಿ ಬೆಳೆದಿದೆಯಾ?" ಎಂದು ಕೇಳಿ ಒಂದು ಬರೆದಳು. ಒಬ್ಬ ಯುವಕ ಕೈಮುಗಿದು ಬೇಡಿಕೊಂಡ, ಅವನಿಗೆ ಎರಡು. ಮಧ್ಯಾಹ್ನದ ಹೊತ್ತಿಗೆ ಅವಳ ಚೀಟಿಯಲ್ಲಿ ಒಂದೂ ಸೊನ್ನೆ ಇರಲಿಲ್ಲ.

ಆಮೇಲೆ ಆ ಹಳೇ ಎಂಜಿನ್ನಿನ ಪಟಪಟ ಸದ್ದು ಬಂತು. ಮನೆಯ ಹಿತ್ತಲಲ್ಲಿ ಇಪ್ಪತ್ತೆರಡು ವರ್ಷ ಕೇಳಿದ ಸದ್ದು, ಅವಳಿಗೆ ನೋಡದೆಯೇ ಗೊತ್ತಾಯಿತು. ತಕ್ಕಡಿಯವರು ಬಂಡೆಯ ಬುಡದಲ್ಲಿ ಒಂದು ಕ್ಷಣ ನಿಂತರು. ಅವಳತ್ತ ನೋಡಲಿಲ್ಲ. ಏರಿದರು. ಬಂಡೆಯ ಬೆನ್ನ ಮೇಲೆ ಮುಂದಿನ ಚಕ್ರ ಎತ್ತಿಕೊಂಡು, ಮೊಣಕಾಲು ಮಡಚಿ, ಎಡಭುಜ ಇಳಿಸಿಕೊಂಡು, ತಮ್ಮ ಪಾಡಿಗೆ ತಾವು ಸೊಟ್ಟಗೆ ನಿಂತು ಏರಿದರು. ಅಂಗಿಯ ಬೆನ್ನಿನಲ್ಲಿ ಒಂದು ಸುಕ್ಕೂ ಬೀಳಲಿಲ್ಲ. ಮೇಲೆ ಹೋಗಿ ಮರ ಸುತ್ತಿದರು. ಕೆಳಗಿನವರು ಚಪ್ಪಾಳೆ ತಟ್ಟಿದರು, ಅವರ ಪಾಲಿಗೆ ಮುಗಿದಿತ್ತು.

ಮುಗಿದಿರಲಿಲ್ಲ. ಇಳಿಯುವ ಕಡೆ ಸುಣ್ಣದಂಥ ಬಿಳಿ ಮಣ್ಣಿನ ಒಂದು ಪಟ್ಟಿ, ಅದರ ನಡುವೆ ಒಂದು ಬೇರು. ಮುಂದಿನ ಚಕ್ರ ಬೇರಿನ ಮೇಲೆ ಜಾರಿತು. ಬೈಕು ನಿಂತಿತು. ತಕ್ಕಡಿಯವರು ಅಲ್ಲಾಡದೆ ನಿಂತರು, ಒಂದು ಉಸಿರು, ಎರಡು ಉಸಿರು. ಬೀಳಬೇಡಿ, ಬೀಳಬೇಡಿ ಎಂದು ಅವಳ ಮನಸ್ಸು ಕೂಗಿಕೊಂಡಿತು. ಗಾಡಿ ಹೋಗಲೆಂದು ಒಂದು ವರ್ಷ ಕಾದವಳು ತಾನೇ ಎಂಬುದು ಆಗ ಅವಳಿಗೆ ನೆನಪೇ ಇರಲಿಲ್ಲ. ಅಷ್ಟರಲ್ಲಿ ಎಡಗಾಲಿನ ಬೂಟಿನ ತುದಿ ಇಳಿದು ಬಿಳಿ ಮಣ್ಣನ್ನು ಮುಟ್ಟಿತು, ಬಿಸಿ ಹಂಚು ಮುಟ್ಟಿದಷ್ಟೇ ಬೇಗ ಮೇಲೆ ಹೋಯಿತು. ಚಕ್ರ ಬೇರು ದಾಟಿತು. ತಕ್ಕಡಿಯವರು ಕೊನೆಯ ಬಾವುಟ ದಾಟಿ, ಎಂಜಿನ್ನು ಆರಿಸಿ, ಬೈಕು ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತರು.

"ಒಂದು," ಎಂದರು ಅವರೇ.

"ಸೊನ್ನೆ," ಎಂದಳು ಅವಳು.

"ಊರಿದೆ ಕಣೇ. ಬೇರಿನ ಹತ್ರ. ನೀನು ನೋಡ್ಲಿಲ್ಲ."

"ನಾನು ನೋಡ್ತಾನೇ ಇದ್ದೆ. ಊರಿಲ್ಲ."

"ನನ್ನ ಕಾಲು ನನಗೆ ಗೊತ್ತಿಲ್ವಾ?"

"ಮೂವತ್ತೊಂದು ವರ್ಷ ನಿಮ್ಮ ಭುಜ ನಿಮಗೆ ಗೊತ್ತಿರ್ಲಿಲ್ಲ."

ತಕ್ಕಡಿಯವರು ಒಪ್ಪಲಿಲ್ಲ. ಐದು ಗ್ರಾಂ ಸಕ್ಕರೆ ವಾಪಸ್ ಕೊಡಲು ಬಿಸಿಲಲ್ಲಿ ನಡೆದು ಹೋಗುವ ಮನುಷ್ಯ. "ನೋಡು, ತಪ್ಪು ತೂಕ ನನಗೆ ಬೇಡ," ಎಂದರು. "ಆಡಿದ ಮಾತು ಆಡಿದ್ದೇ. ಗಾಡಿ ಅವನಿಗೆ ಕೊಟ್ಟುಬಿಡ್ತೀನಿ. ಬರಿ, ಒಂದು ಅಂತ ಬರಿ."

ಜಗಳದ ದನಿ ಕೇಳಿ ಕೆಳಗಿನಿಂದ ಸೀಟಿ ಊದುತ್ತ ಕಾರ್ಯದರ್ಶಿ ಬಂಡೆ ಸುತ್ತಿಕೊಂಡು ಹತ್ತತೊಡಗಿದ್ದರು. ಇಷ್ಟು ವರ್ಷ ಸವಾರರು ಕಾಲು ಊರಿಲ್ಲವೆಂದು ಜಗಳವಾಡಿದ್ದನ್ನು ಕಂಡಿದ್ದರೇ ಹೊರತು ಊರಿದೆ ಎಂದು ಜಗಳವಾಡಿದ್ದನ್ನು ಕಂಡಿರಲಿಲ್ಲ. "ಏನ್ರೀ ಅದು? ಎಣಿಸೋರ ಮಾತೇ ಕೊನೆ ಅಂತ ಬೆಳಿಗ್ಗೆನೇ ಹೇಳಿಲ್ವಾ?" ಎಂದು ದೂರದಿಂದಲೇ ಕೂಗಿದರು. ಅವರ ಹಿಂದೆ ಹೋಟೆಲಿನವನೂ ಕಾಗದ ಹಿಡಿದು ಬರುತ್ತಿದ್ದ.

ಅವಳು ಚೀಟಿಯ ಮೇಲೆ ದೊಡ್ಡದಾಗಿ ಒಂದು ಸೊನ್ನೆ ಬರೆದಳು. ಗುಂಡಿಯ ಸುತ್ತ ನೂಲು ಸುತ್ತುವ ಹಾಗೆ ಅದರ ಮೇಲೆ ಪೆನ್ಸಿಲನ್ನು ಎರಡು ಮೂರು ಸಲ ತಿರುಗಿಸಿದಳು. ಆಮೇಲೆ ಗಂಡನ ಕಾಲಿನತ್ತ ನೋಡಿದಳು. ಎಡ ಬೂಟಿನ ತುದಿಯಲ್ಲಿ ಒಂದು ರೂಪಾಯಿಯಗಲ ಬಿಳಿ ಮಣ್ಣು ಹಸಿಯಾಗಿ ಅಂಟಿತ್ತು. ಆ ಮಣ್ಣು ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ.

"ಕಾಲು ಇತ್ತ ಕೊಡಿ," ಎಂದು ಕುಕ್ಕರಗಾಲಲ್ಲಿ ಕೂತಳು.

"ಏನ್ ಮಾಡ್ತಿದೀಯ?"

"ಲೇಸು ಬಿಚ್ಚಿದೆ."

ಲೇಸು ಬಿಚ್ಚಿರಲಿಲ್ಲ. ತಕ್ಕಡಿಯವರು ಬಗ್ಗಿ ನೋಡಿದರು, ಅವಳ ನರೆತ ಬೈತಲೆ ಕಂಡಿತು, ಬೂಟಿನ ಮಣ್ಣು ಒರೆಸಲು ಚಾಚಿದ ಹೆಬ್ಬೆರಳು ಕಂಡಿತು. ಅವರಿಗೆ ನಾಚಿಕೆಯೂ ಆಯಿತು, ಹೇಳಲಾಗದಷ್ಟು ಸಂತೋಷವೂ ಆಯಿತು. ಯಾವುದು ಎಷ್ಟೆಂದು ತೂಗುವ ಗೋಜಿಗೆ ಹೋಗಲಿಲ್ಲ. ಮೆಲ್ಲಗೆ ಎಡಗಾಲು ಎತ್ತಿ ಮುಂದೆ ಚಾಚಿದರು.

ಸೀಟಿ ಸಾಹೇಬರು ಏದುಸಿರು ಬಿಡುತ್ತ ಮೇಲೆ ಬಂದು ನೋಡಿದಾಗ, ಅವಳು ಬೂಟನ್ನು ಮಡಿಲಲ್ಲಿಟ್ಟುಕೊಂಡು ಲೇಸಿಗೆ ಎರಡು ಗಂಟು ಹಾಕುತ್ತಿದ್ದಳು. ತಕ್ಕಡಿಯವರು ಒಂದು ಕೈಯಲ್ಲಿ ಬೈಕಿನ ಹ್ಯಾಂಡಲ್ಲು, ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟುಕೊಂಡು, ಒಂಟಿಕಾಲಲ್ಲಿ, ಅಲ್ಲಾಡದೆ ನಿಂತಿದ್ದರು.